ತಂಬಿಗೆಯ ನೀರು ಅಲುಗಲಿಲ್ಲ

ಪೆನಾಲ್ಟಿ ಹೊಡೆಯಲು ಚೆಂಡು ಇಟ್ಟಾಗಿತ್ತು. ಉದಗೀರದ ಮೈದಾನ, ರವಿವಾರದ ಮಧ್ಯಾಹ್ನ. ನಮ್ಮದೊಂದು ಗೋಲು, ಅವರದೊಂದು. ಆಟ ಮುಗಿಯಲು ನಾಲ್ಕೈದು ನಿಮಿಷ ಉಳಿದಿದ್ದವು. ಉಮರ್ಗಾ ತಂಡದ ಗೋಲ್‌ಕೀಪರ್ ನಾನು. ಚೆಂಡಿನ ಹಿಂದೆ ನಿಂತವನು ನಿಲಂಗಾ ತಂಡದ ಬಾಲಾಜಿ. ಟ್ರ್ಯಾಕ್ಟರ್ ಓಡಿಸುವವನು, ಅವನ ಬಲಗಾಲಿನ ಹೊಡೆತ ಎಂಥದ್ದೆಂದು ನನ್ನ ಪಕ್ಕೆಲುಬಿಗೆ ಗೊತ್ತಿತ್ತು.

ಬಾಲಾಜಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ. ಆಗ ನನ್ನ ಎಡಗಿವಿಯಲ್ಲಿ ಆ ಸದ್ದು ಶುರುವಾಯಿತು. ನಮ್ಮ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಕಲ್ಲು ತುಂಬಿದ ಲಾರಿ ದೂರದಿಂದ ನಿಮ್ಮ ಕಡೆಗೇ ಬರುತ್ತಿರುವಂಥ ಸದ್ದು. ಲಾತೂರಿನ ಭೂಕಂಪದ ಆ ಬೆಳಗಿನ ಜಾವ ಮೊದಲು ಬಂದದ್ದು ಸದ್ದು, ನೆಲ ಅಲುಗಿದ್ದು ಆಮೇಲೆ. ಈಗಲೂ ಸದ್ದಿನ ಬೆನ್ನಿಗೇ ಮೈದಾನ ಎಡಕ್ಕೆ ವಾಲಿತು. ಗೋಲಿನ ಕಂಬ ವಾಲಿತು, ಬಾಲಾಜಿ ವಾಲಿದ. ನಾನು ಎರಡೂ ಕೈ ಎತ್ತಿ ಗಂಟಲು ಹರಿಯುವಂತೆ ಕೂಗಿದೆ: “ಭೂಕಂಪ! ಓಡ್ರೋ, ಭೂಕಂಪ!”

ಬಯಲಿನಲ್ಲಿ ನಿಂತವರು ಇನ್ನೆಲ್ಲಿಗೆ ಓಡಬೇಕು? ಆದರೂ ಓಡಿದರು. ಎರಡೂ ತಂಡದವರು, ಸೀಟಿ ಬಾಯಲ್ಲಿಟ್ಟುಕೊಂಡೇ ರೆಫರಿ, ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ ಜನ, ಎಲ್ಲರೂ ಮೈದಾನದ ನಟ್ಟನಡುವೆ ಹೋಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಯಾರೋ ದೇವರ ಹೆಸರು ಹೇಳುತ್ತಿದ್ದರು. ಹೀಗೆ ಒಂದು ನಿಮಿಷ ಹೋಯಿತು. ಏನೂ ಆಗಲಿಲ್ಲ. ಮೈದಾನದ ಅಂಚಿನಲ್ಲಿ ಚಹಾ ಮಾರುವ ಮುದುಕನೊಬ್ಬ ಮಾತ್ರ ಓಡಿರಲಿಲ್ಲ. ತನ್ನ ಟ್ರೇ ತೋರಿಸಿ ಹೇಳಿದ: “ಆಠ್ ಕಪ್ ಚಾ ತುಂಬಿ ಇಟ್ಟೀನಿ. ಒಂದ್ ಹನಿ ಚೆಲ್ಲಿಲ್ಲಪಾ. ಎಲ್ಲಿ ಬಂತು ನಿಮ್ಮ ಭೂಕಂಪ?”

ಮೊದಲು ಯಾರೋ ನಕ್ಕರು. ಆಮೇಲೆ ಬಾಲಾಜಿ ಬಂದು ನನ್ನ ಕೊರಳಪಟ್ಟಿ ಹಿಡಿದ. ಅವನ ತಾಯಿ ಭಾಲ್ಕಿ ಕಡೆಯವಳು, ಅವನಿಗೆ ನಮ್ಮ ಕನ್ನಡ ಚೆನ್ನಾಗಿ ಬರುತ್ತಿತ್ತು. “ಶೇಟ್, ನಮ್ಮಣ್ಣ ಅದರಾಗ ಹೋಗ್ಯಾನ. ನಾ ಈ ಕೈಲೇ ಕಲ್ಲ ಸರಸಿ ತಗದೀನಿ ಅವನ್ನ. ಒಂದ್ ಪೆನಾಲ್ಟಿ ತಪ್ಪಸ್ಲಿಕ್ಕಿ ನಿನಗ ಅದೇ ಸಿಕ್ತೇನು?”

ಇಲ್ಲಪ್ಪಾ, ನನಗೆ ನಿಜವಾಗಿಯೂ ನೆಲ ಅಲುಗಿತು ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಮಾತಿನ ಬದಲು ಬೆಳಗಿನ ಊಟವೆಲ್ಲ ಬಂತು. ಕುಸಿದು ಬಿದ್ದೆ. ಕಣ್ಣು ಮುಚ್ಚಿದರೂ ಆಕಾಶ ತಿರುಗುತ್ತಿತ್ತು. “ಕುಡದ್ ಬಂದಾನ,” ಎಂದರು ಒಬ್ಬರು. “ನಾಟಕ,” ಎಂದರು ಇನ್ನೊಬ್ಬರು. ನಮ್ಮ ಕ್ಯಾಪ್ಟನ್ ಸಲೀಂಭಾಯಿ, ಉಮರ್ಗಾದ ಹೈವೇ ಮೇಲೆ ಗ್ಯಾರೇಜ್ ಇಟ್ಟವನು, ನನ್ನ ಕೈಗವಸು ಬಿಚ್ಚಿ ತಾನು ಹಾಕಿಕೊಂಡು ಗೋಲಿಗೆ ಹೋದ. ಬಾಲಾಜಿ ಪೆನಾಲ್ಟಿ ಹೊಡೆದ. ನಾವು ಸೋತೆವು. ವಾಪಸು ಬರುವ ಟೆಂಪೋದಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ.

ಇದು ಭೂಕಂಪವಾದ ಐದನೆಯ ವರ್ಷದ ಮಾತು. ನಮ್ಮ ತಂಡ ಹುಟ್ಟಿದ್ದೂ ಅದರಿಂದಲೇ. ಪರಿಹಾರದ ಕೆಲಸಕ್ಕೆ ಬಂದ ಹೊರಗಿನ ಹುಡುಗರು ಹೋಗುವಾಗ ಎರಡು ಫುಟ್‌ಬಾಲ್ ಬಿಟ್ಟುಹೋಗಿದ್ದರು. ಉಮರ್ಗಾ, ನಿಲಂಗಾ, ಉದಗೀರ, ಮೂರು ಊರಿನ ಹೊಟ್ಟೆ ಬಂದ ಗಂಡಸರು ಸೇರಿ ರವಿವಾರಕ್ಕೊಂದು ಮ್ಯಾಚ್ ಆಡತೊಡಗಿದೆವು. ನನ್ನದು ಬಟ್ಟೆ ಅಂಗಡಿ, ಅದಕ್ಕೇ ಎಲ್ಲರ ಬಾಯಲ್ಲೂ ನಾನು ಶೇಟ್. ಓಡಲು ಬರುವುದಿಲ್ಲ ಎಂಬ ಒಂದೇ ಅರ್ಹತೆಯಿಂದ ನನ್ನನ್ನು ಗೋಲಿಗೆ ನಿಲ್ಲಿಸಿದ್ದರು. ಆದರೆ ವಾರದ ಆರು ದಿನ ಗಿರಾಕಿಗಳ ಮುಂದೆ ಥಾನು ಬಿಚ್ಚಿ ಸುತ್ತುವವನಿಗೆ ಆ ಎರಡು ಕಂಬಗಳ ನಡುವೆ ನಿಂತಾಗ ಸಿಗುತ್ತಿದ್ದ ಮರ್ಯಾದೆ ಬೇರೆಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ಆ ಟೆಂಪೋದ ಮೌನ ನನ್ನನ್ನು ಕೊಂದುಹಾಕಿತು. ಸುಳ್ಳುಗಾರ, ಅದೂ ಸತ್ತವರ ಹೆಸರಲ್ಲಿ ಸುಳ್ಳು ಹೇಳಿದವನು. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಹಾಗೆ ನೋಡಿದರೆ ಅದು ನನಗೆ ಮೊದಲ ಸಲ ಬಂದದ್ದಲ್ಲ. ಒಂದು ವರ್ಷದಿಂದ ಮನೆಯಲ್ಲಿ ಐದಾರು ಸಲ ಬಂದಿತ್ತು. ಅದು ನನ್ನೊಳಗಿನ ಕಾಯಿಲೆ ಎಂದು ಯಾರಿಗೂ ಹೊಳೆಯದೆ ಹೋದದ್ದಕ್ಕೆ ಒಂದು ತಂಬಿಗೆ ಕಾರಣ.

ನಮ್ಮ ಅವ್ವನ ತಂಗಿ ಲೋಹಾರಾ ಹತ್ತಿರದ ಹಳ್ಳಿಯಲ್ಲಿ ಮಾಳಿಗೆ ಕುಸಿದು ತೀರಿಕೊಂಡಿದ್ದಳು. ಅಂದಿನಿಂದ ಅವ್ವ ಮನೆಯೊಳಗೆ ಮಲಗುವುದನ್ನು ಬಿಟ್ಟಳು. ಅಂಗಳದಲ್ಲಿ ತಗಡಿನ ಶೆಡ್ ಹಾಕಿಸಿಕೊಂಡು ಅಲ್ಲೇ ಪೂಜೆ, ಅಲ್ಲೇ ಊಟ. ತಲೆಯ ಮೇಲೆ ಅಡ್ಡ ತೊಲೆ ಇರುವ ಕಡೆ ಆಕೆ ಕಾಲಿಡುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲೂ ಬಿಸಿಲಿಗೇ ನಿಲ್ಲುವ ಹೆಂಗಸು. ನಮ್ಮೂರಿನ ಎಷ್ಟೋ ಮನೆಗಳಲ್ಲಿದ್ದಂತೆ ನಮ್ಮಲ್ಲೂ ಹೊಸ್ತಿಲ ಪಕ್ಕ ಒಂದು ಹಿತ್ತಾಳೆ ತಂಬಿಗೆ, ಕಂಠದ ತನಕ ನೀರು. ಯಾರಿಗಾದರೂ ನೆಲ ಅಲುಗಿದಂತೆ ಅನ್ನಿಸಿದರೆ ಅದರ ನೀರು ನೋಡಬೇಕು. ನೀರು ಅಲುಗಿದರೆ ಹೊರಗೆ ಓಡಬೇಕು. ದಿನಾ ಬೆಳಿಗ್ಗೆ ಅವ್ವನೇ ಅದಕ್ಕೆ ಹೊಸ ನೀರು ತುಂಬುತ್ತಿದ್ದಳು. ಅದರಿಂದ ಒಂದು ಗುಟುಕು ಕುಡಿಯಲು ಯಾರಿಗೂ ಪರವಾನಗಿ ಇರಲಿಲ್ಲ.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾನು ಕೂಗಿದ ಕೂಡಲೇ ನೀರು ನೋಡುವಷ್ಟು ತಾಳ್ಮೆ ನಮ್ಮಲ್ಲಿ ಯಾರಿಗಿತ್ತು? ನಾನು ಓಡುತ್ತಿದ್ದೆ, ನನ್ನ ಹೆಂಡತಿ ಸುನಂದಾ ಓಡುತ್ತಿದ್ದಳು, ಪಕ್ಕದ ಮನೆಯವರೂ ಓಡುತ್ತಿದ್ದರು. ಓಡುವ ಗಡಿಬಿಡಿಯಲ್ಲಿ ಒಬ್ಬರ ಕಾಲಾದರೂ ತಂಬಿಗೆಗೆ ತಾಗುತ್ತಿತ್ತು. ಆಮೇಲೆ ಬಾಗಿಲಿಗೆ ಬಂದು ನೋಡಿದರೆ ಹೊಸ್ತಿಲೆಲ್ಲ ನೀರು. “ನೋಡ್ರಿ, ತಂಬಗೀನೇ ಉರುಳ್ಯದ. ಜೋರಾಗೇ ಬಂದಿತ್ತು,” ಎನ್ನುತ್ತಿದ್ದಳು ಅವ್ವ. ನಾವೂ ತಲೆಯಾಡಿಸುತ್ತಿದ್ದೆವು. ಐದಾರು ಸಲವೂ ಹೀಗೇ.

ಸೋತು ಬಂದ ಆ ರವಿವಾರ ಸುನಂದಾ ನನ್ನ ಅಂಗಿ ತೊಳೆಯಲು ತೆಗೆದುಕೊಂಡವಳು ಅಲ್ಲೇ ನಿಂತಳು. “ಒಂದ್ ಮಾತ್ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಹೋದ ತಿಂಗಳ ನೀವ್ ಕೂಗಿದಾಗ ತವಾದ ಮ್ಯಾಲ ರೊಟ್ಟಿ ಇತ್ತು. ನಾ ಓಡ್ಲಿಲ್ಲ. ತಂಬಗಿ ನೋಡ್ದೆ. ನೀರು ಅಲಗಾಡಿದ್ದಿಲ್ರಿ. ಆಮ್ಯಾಲ ನಿಮ್ಮ ಕಾಲೇ ಅದಕ್ಕ ಬಡೀತು.”

“ಮತ್ತ್ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನಿಮಗ ಏನೋ ಆಗ್ಯದ ಅಂದಂಗ ಆಗ್ತದ. ಭೂಕಂಪಾನೇ ಇರ್ಲಿ ಅನ್ನಸ್ತು ನನಗ.”

ಹೆಂಡತಿ ಗಂಡನ ಕಾಯಿಲೆಗಿಂತ ಭೂಕಂಪವೇ ವಾಸಿ ಎಂದುಕೊಂಡಿದ್ದಾಳೆ. ನನಗೆ ಸಿಟ್ಟು ಬಂತು. ಚೀರಾಡಿದೆ ಕೂಡ. ನೆಲ ಅಲುಗುತ್ತಿಲ್ಲ ಎಂದರೆ ಅಲುಗುತ್ತಿರುವವನು ನಾನು. ನನ್ನ ತಲೆಯೊಳಗೆ ಏನಿದೆ?

ಈ ಪ್ರಶ್ನೆಯ ಜೊತೆ ನಾನು ಏಳು ವಾರ ಕಳೆದೆ. ನಿಮ್ಮಲ್ಲಿ ಯಾರಾದರೂ ಅಂಥ ವಾರಗಳಲ್ಲಿದ್ದರೆ, ಆಗ ನನಗೆ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ: ಆ ದಿನಗಳಲ್ಲಿ ಮನುಷ್ಯ ಬಹಳ ಕೆಟ್ಟವನಾಗುತ್ತಾನೆ, ಅದಕ್ಕೆ ನಾಚಬೇಡಿ. ನಾನು ನಗುವವರನ್ನು ಕಂಡು ಉರಿದೆ. ಗಿರಾಕಿಗಳ ಮೇಲೆ ರೇಗಿದೆ. ಕತ್ತರಿ ಹಿಡಿದಾಗ ತಲೆ ತಿರುಗಿದರೆ ಎಂಬ ಅಂಜಿಕೆಗೆ ಬಟ್ಟೆ ಕತ್ತರಿಸುವುದನ್ನು ಅಂಗಡಿಯಲ್ಲಿ ಜೊತೆಗಿದ್ದ ತಮ್ಮನಿಗೆ ಬಿಟ್ಟೆ. ಗೋಡೆ ಹಿಡಿದು ನಡೆದೆ. ಒಬ್ಬ ವೈದ್ಯರು ಗ್ಯಾಸ್ ಎಂದರು, ಇನ್ನೊಬ್ಬರು ಭೂಕಂಪದ ಹೆದರಿಕೆ ಮನಸ್ಸಲ್ಲಿ ಕೂತಿದೆ ಎಂದರು. ಮನಸ್ಸಲ್ಲಿ ಕೂತಿದೆ ಎಂದ ಮೇಲೆ ಎಲ್ಲರಿಗೂ ಉಪದೇಶ ಮಾಡುವ ಅಧಿಕಾರ ಬಂದುಬಿಡುತ್ತದೆ. ಒಬ್ಬರು ಧ್ಯಾನ ಮಾಡು ಎಂದರು, ಒಬ್ಬರು ಊರು ಬಿಡು ಎಂದರು.

ಕಡೆಗೆ ಲಾತೂರಿನ ಕಿವಿ ವೈದ್ಯರಲ್ಲಿಗೆ ಕರೆದುಕೊಂಡು ಹೋದವನು ಸಲೀಂಭಾಯಿ. ಒಂದು ದಿನ ಅಂಗಡಿಗೆ ಬಂದು ಎಡಗಡೆ ನಿಂತು ಏನೋ ಹೇಳಿದ. ನನಗೆ ಕೇಳಲಿಲ್ಲ. ಬಲಗಡೆ ಬಂದು ಅದನ್ನೇ ಹೇಳಿದ. ಕೇಳಿತು. “ಶೇಟ್, ಇಂಜಿನ್ ಸುದ್ದಿ ಆಮ್ಯಾಲ ನೋಡೋಣು. ಮೊದಲ ಹಾರ್ನ್ ಕೆಟ್ಟದ ನಿಂದು,” ಎಂದ. ಮಾರನೆಯ ದಿನವೇ ಗ್ಯಾರೇಜ್ ಮುಚ್ಚಿ ನನ್ನ ಮತ್ತು ಸುನಂದಾಳ ಜೊತೆ ಬಸ್ಸು ಹತ್ತಿದ. ಪೆನಾಲ್ಟಿಯ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವೈದ್ಯರು ನನಗೆ ಮಗಳಾಗಬಹುದಾದ ವಯಸ್ಸಿನ ಹೆಣ್ಣುಮಗಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಲಗಿವಿಗೆ ಟಪಟಪ ಒತ್ತಿದೆ. ಎಡಗಿವಿಯ ಸರದಿಯಲ್ಲಿ ನನ್ನ ಹೆಬ್ಬೆರಳು ಸುಮ್ಮನೆ ಕಾದು ಕೂತಿತ್ತು. ಗಾಜಿನ ಆಚೆ ವೈದ್ಯರ ಮಷೀನ್ ನೋಡುತ್ತಿದ್ದ ಸುನಂದಾಳ ಮುಖ ಕಂಡು ಸದ್ದು ಬರುತ್ತಿದೆ, ನನಗಷ್ಟೇ ಕೇಳುತ್ತಿಲ್ಲ ಎಂದು ಗೊತ್ತಾಯಿತು. ಕಿವಿಯ ನರದ ಮೇಲೆ ಗಂಟು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು, ಸೊಲ್ಲಾಪುರಕ್ಕೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಬನ್ನಿ ಎಂದರು ವೈದ್ಯರು. “ಘಾಬರೂ ನಕಾ,” ಎಂದೂ ಸೇರಿಸಿದರು. ಗಾಬರಿಯಾಗಬೇಡಿ ಎಂದು ವೈದ್ಯರು ಹೇಳಿದ ಮೇಲೆ ಗಾಬರಿಯಾಗದವನನ್ನು ನಾನು ಇನ್ನೂ ಕಂಡಿಲ್ಲ.

ಸೊಲ್ಲಾಪುರದಲ್ಲಿ ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಮೂರು ತಾಸು ಕಾದೆವು. ಗೋಡೆಗೆ ಆನಿಸಿ ಕೂತರೆ ಗೋಡೆ ತಿರುಗುತ್ತದೆಂದು ನಾನು ಮುಂದಕ್ಕೆ ಬಾಗಿ ಮೊಣಕಾಲು ಹಿಡಿದು ಕೂತಿದ್ದೆ. ಸುನಂದಾ ಕೈಚೀಲದ ಹಿಡಿಕೆಯನ್ನು ತಿರುಚುತ್ತಲೇ ಇದ್ದಳು. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ಅಲ್ಲಿ ಕೂತು ನಾನು ತಲೆಯಲ್ಲಿ ಏನಾದರೂ ಸಿಗಲಿ ಎಂದು ದೇವರನ್ನು ಬೇಡಿಕೊಂಡೆ. ಏನೂ ಸಿಗದಿದ್ದರೆ ಆ ದಿನ ಮೈದಾನದಲ್ಲಿ ಕೂಗಿದವನು ಸುಳ್ಳುಗಾರನೇ ಆಗಿ ಉಳಿಯುತ್ತಾನೆ. ಮರುಕ್ಷಣ ಸುನಂದಾಳ ಕೈ ಕಂಡಿತು. ಥೂ, ಎಂಥದ್ದು ಬೇಡಿದೆ ಎನ್ನಿಸಿತು. ಬೇಡಿದ್ದನ್ನು ವಾಪಸು ಬೇಡಿದೆ. ಹೀಗೆ ಮೂರು ತಾಸು.

ನಮ್ಮ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಅಕ್ಕಲಕೋಟೆ ಕಡೆಯ ಕನ್ನಡದವಳು. ಗಂಡನನ್ನು ಅಲ್ಲಿಗೆ ಕರೆತಂದಿದ್ದು ಮೂರನೆಯ ಸಲವಂತೆ. ನನ್ನ ಹೆಸರು ಕೂಗಿದಾಗ ನನಗೆ ಏಳಲಾಗಲಿಲ್ಲ. ಆಕೆ ತಾನೇ ಎದ್ದು ನನ್ನ ತೋಳು ಹಿಡಿದಳು. “ಅಣ್ಣಾ, ಅಂಜಬ್ಯಾಡ. ಒಳಗ ಮಷೀನ್ ತಿರಗ್ತದ. ನೀ ತಿರಗಂಗಿಲ್ಲ.” ಅಷ್ಟು ದಿನದಲ್ಲಿ ಒಬ್ಬರಾದರೂ ನೀ ತಿರುಗುವುದಿಲ್ಲ ಎಂದು ಹೇಳಿದ್ದು ಅದೇ ಮೊದಲು. ಹೊರಗೆ ಬಂದಾಗ ಅವಳ ಗಂಡನ ಸರದಿ ಬಂದಿತ್ತು, ಮತ್ತೆ ಸಿಗಲಿಲ್ಲ. ಅವಳ ಗಂಡ ಚೆನ್ನಾಗಿರಲಿ ಎಂದು ಇಂದಿಗೂ ನೆನೆಯುತ್ತೇನೆ.

ಗಂಟು ಇರಲಿಲ್ಲ. ಲಾತೂರಿನ ವೈದ್ಯರು ಎಲ್ಲ ಕಾಗದ ನೋಡಿ, ಕಾಯಿಲೆ ತಲೆಯದ್ದಲ್ಲ, ಮನಸ್ಸಿನದ್ದೂ ಅಲ್ಲ, ಒಳಗಿವಿಯದ್ದು ಎಂದರು. ಹೆಸರೂ ಹೇಳಿದರು, ಯಾವುದೋ ದೂರದೇಶದ ಹೆಸರು, ನನ್ನ ನಾಲಿಗೆಗೆ ಹತ್ತಲಿಲ್ಲ. ಮೊದಲು ಸದ್ದು ಬರುವುದು, ಆಮೇಲೆ ನೆಲ ತಿರುಗುವುದು, ವಾಂತಿ, ಕಿವಿ ಮಂದವಾಗುವುದು, ಎಲ್ಲ ಅದರದ್ದೇ ಆಟವಂತೆ. “ಸಾಯುವ ಕಾಯಿಲೆ ಅಲ್ಲ,” ಎಂದರು. ನಾನು ಉಸಿರು ಬಿಡುವಷ್ಟರಲ್ಲಿ “ನಿಮ್ಮನ್ನು ಬಿಟ್ಟುಹೋಗುವ ಕಾಯಿಲೆಯೂ ಅಲ್ಲ,” ಎಂದರು. ಗುಳಿಗೆ ಬರೆದರು, ಉಪ್ಪು ಕಡಿಮೆ ಮಾಡಲು ಹೇಳಿದರು.

ನಾನು ಅಲ್ಲೇ ಅತ್ತೆ. ಬದುಕಿದೆ ಎಂದು ಅತ್ತೆನೋ, ಸುಳ್ಳುಗಾರ ಅಲ್ಲ ಎಂದು ಅತ್ತೆನೋ ಈಗಲೂ ಗೊತ್ತಿಲ್ಲ. ಸಲೀಂಭಾಯಿ ವೈದ್ಯರ ಚೀಟಿಯನ್ನು ಕಿಸೆಗೆ ಹಾಕಿಕೊಂಡ. ವಾರದ ಮೇಲೆ ತಿಳಿಯಿತು, ಅದನ್ನು ಹಿಡಿದು ಅವನು ನಿಲಂಗಾಕ್ಕೆ ಹೋಗಿ ಬಾಲಾಜಿಗೆ ತೋರಿಸಿ ಬಂದಿದ್ದ. “ಏನಂದ?” ಎಂದು ಕೇಳಿದೆ. “ಓದಿದ. ಮಡಚಿ ವಾಪಸ್ ಕೊಟ್ಟ, ಅಷ್ಟೇ,” ಎಂದ ಸಲೀಂಭಾಯಿ.

ಅವ್ವನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಕೆ ಶೆಡ್ಡಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಹೇಳಿದ್ದೆಲ್ಲ ಕೇಳಿ ಮೊರ ಕೆಳಗಿಟ್ಟಳು. “ಹಂಗಾರ ಒಂದ್ ವರ್ಷ ನನ್ನ ಸುಮ್ನ ಓಡಿಸಿದಿ?” ಎಂದಳು. ಭೂಕಂಪ ಐದು ವರ್ಷದ ಹಿಂದೆಯೇ ಮುಗಿದಿತ್ತು, ಅದನ್ನು ಮತ್ತೆ ಮತ್ತೆ ಮನೆಗೆ ಕರೆತಂದು ಮುದುಕಿಯನ್ನು ತಗಡಿನ ಕೆಳಗೇ ಉಳಿಸಿದವನು ನಾನು. ಅಂದು ಸಂಜೆಯಿಂದ ಮನೆಯ ಎಲ್ಲರ ಅಡುಗೆಗೂ ಅರ್ಧ ಉಪ್ಪು. ನನಗೊಬ್ಬನಿಗೆ ಬೇರೆ ಮಾಡು ಎಂದರೆ ಸುನಂದಾ ಕೇಳಲಿಲ್ಲ. ಅವ್ವ ಮಾತ್ರ ಉಪ್ಪಿನಕಾಯಿಯ ಭರಣಿಯನ್ನು ಶೆಡ್ಡಿಗೆ ಸಾಗಿಸಿಕೊಂಡು, ನಾನು ಅತ್ತ ಹೋದರೆ ಸೆರಗು ಮುಚ್ಚುತ್ತಿದ್ದಳು. ಶೆಡ್ ಬಿಟ್ಟು ಒಳಗೆ ಬಾ ಎಂದರೆ ಆಕೆಯೂ ಕೇಳಲಿಲ್ಲ.

ಮೂರು ತಿಂಗಳಲ್ಲಿ ಎರಡೇ ಸಲ ಬಂತು. ಸಲೀಂಭಾಯಿ ಮತ್ತೆ ಗೋಲಿಗೆ ನಿಲ್ಲು ಎಂದ. ನಾನು ಒಲ್ಲೆ ಎಂದೆ. ಉದಗೀರದಲ್ಲಿ ನಿಲಂಗಾದವರ ಮೇಲೇ ಮ್ಯಾಚ್. ಅಲ್ಲೇ, ಅವರೆದುರಿಗೇ ಮತ್ತೆ ಬಂದರೆ? ಕೂಗಿದರೂ ಕೆಟ್ಟೆ, ಸುಮ್ಮನೆ ಬಿದ್ದರೂ ಕೆಟ್ಟೆ. “ಕೂಗಬ್ಯಾಡ. ಕೂಡು, ಕೈ ಎತ್ತು. ರೆಫರಿಗೆ ಹೇಳಿಟ್ಟೀನಿ,” ಎಂದ. ಬಂದಾಗ ನೆಲವೋ ನಾನೋ ಎಂದು ನನಗೇ ಗೊತ್ತಾಗುವುದಿಲ್ಲವಲ್ಲ ಎಂದೆ. ನಿಜಕ್ಕೂ ಅದೇ ನನ್ನ ಭಯವಾಗಿತ್ತು. ಒಂದು ದಿನ ನಿಜವಾದ ಭೂಕಂಪ ಬಂದು, ನಾನು ಕಿವಿಯ ಆಟ ಎಂದುಕೊಂಡು ಸುಮ್ಮನೆ ಕೂತುಬಿಟ್ಟರೆ?

ಅಂಗಳದಿಂದ ಅವ್ವ ಕೂಗಿದಳು: “ನಾ ಬರ್ತೀನಿ. ತಂಬಗಿ ತರ್ತೀನಿ.”

ಎಪ್ಪತ್ತು ದಾಟಿದ ಅವ್ವ ಟೆಂಪೋದ ಮುಂದಿನ ಸೀಟಿನಲ್ಲಿ ಖಾಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ನಿಲಂಗಾ ದಾಟಿ ಉದಗೀರಕ್ಕೆ ಬಂದಳು. ಮೈದಾನದ ನಲ್ಲಿಯಲ್ಲಿ ಕಂಠದ ತನಕ ನೀರು ತುಂಬಿದಳು. ನನ್ನ ಗೋಲಿನ ಹಿಂದೆ, ಅಡ್ಡಕಂಬದಿಂದ ನಾಲ್ಕು ಮಾರು ದೂರದಲ್ಲಿ ಗೋಣಿಚೀಲ ಹಾಸಿ, ತಂಬಿಗೆಯನ್ನು ಮುಂದಿಟ್ಟುಕೊಂಡು, ಆಟಕ್ಕೆ ಬೆನ್ನು ಮಾಡಿ ಕೂತಳು. ಜನ ನಕ್ಕರು. ಆಕೆ ನೀರಿನಿಂದ ಕಣ್ಣು ಕೀಳಲಿಲ್ಲ. ಅರ್ಧ ಆಟದಲ್ಲಿ ಚಹಾದ ಮುದುಕ ಒಂದು ಕಪ್ ತಂದುಕೊಟ್ಟ. ಅದನ್ನೂ ನೀರು ನೋಡುತ್ತಲೇ ಕುಡಿದಳು.

ಎರಡನೆಯ ಅರ್ಧ. ಯಾರದೂ ಗೋಲಾಗಿರಲಿಲ್ಲ. ನಮ್ಮವರೆಲ್ಲ ಮುಂದೆ ಹೋಗಿದ್ದಾಗ ಚೆಂಡು ಬಾಲಾಜಿಗೆ ಸಿಕ್ಕಿತು. ಅವನು ಒಬ್ಬನೇ ಬಂದ. ನಾನು ಕೈ ಅಗಲಿಸಿ ಮುಂದಕ್ಕೆ ಹೆಜ್ಜೆ ಇಟ್ಟೆ. ಎಡಗಿವಿಯಲ್ಲಿ ಲಾರಿ ಬಂತು.

ಬಾಯಿಗೆ ಬಂದಿತ್ತು ಆ ಮಾತು. ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿದೆ. ಮೈದಾನ ವಾಲಿತು. “ಅವ್ವಾ!” ಎಂದಷ್ಟೇ ಕೂಗಿದೆ.

“ನೀರ್ ನಿಂತದ ಮಗಾ,” ಹಿಂದಿನಿಂದ ಅವ್ವನ ದನಿ. “ಹಂಗೇ ನಿಂತದ. ನೆಲ ಗಟ್ಟಿ ಅದ. ಕೂಡು ನೀ.”

ಕೂತೆ. ಕಂಬವನ್ನು ತಬ್ಬಿಕೊಂಡು ಒಂದು ಕೈ ಎತ್ತಿದೆ. ಖಾಲಿ ಗೋಲು, ಬಾಲಾಜಿ, ಚೆಂಡು, ಎಲ್ಲವೂ ಸುತ್ತುತ್ತಿದ್ದವು. ಸುತ್ತುತ್ತಲೇ ಕಂಡೆ: ಅವನು ಚೆಂಡಿನ ಮೇಲೆ ಕಾಲಿಟ್ಟು ನಿಲ್ಲಿಸಿದ. ರೆಫರಿಗೆ ಕೈ ಮಾಡಿ, ಚೆಂಡನ್ನು ಗೆರೆಯಾಚೆ ಒದ್ದ. “ಸಾವಕಾಶ ಶೇಟ್, ಸಾವಕಾಶ,” ಎಂದ. ಯಾರೂ ಓಡಲಿಲ್ಲ, ಯಾರೂ ನಗಲಿಲ್ಲ.

ವಾಂತಿ ಮಾಡಿಕೊಂಡು ನಾನು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಸೀರೆಯ ಸರಬರ ಕೇಳಿತು. ತೆರೆದು ನೋಡಿದರೆ ಅವ್ವ ಗೋಲಿನೊಳಗೆ, ಅಡ್ಡಕಂಬದ ನೇರ ಕೆಳಗೆ, ತಂಬಿಗೆ ಪಕ್ಕಕ್ಕಿಟ್ಟುಕೊಂಡು, ನನಗೆ ಭುಜ ತಾಗಿಸಿ ಕೂತಿದ್ದಳು.

“ಅವ್ವಾ, ತಲಿ ಮ್ಯಾಲ ತೊಲಿ ಅದ.”

“ಇರ್ಲಿ,” ಎಂದಳು. “ನೆಲ ಅಲಗಿದ್ರ ಓಡ್ತಿದ್ದೆ. ನೀ ಅಲಗಿದ್ರ ಎಲ್ಲಿಗಿ ಓಡ್ಲಿ?”

ಆಮೇಲೆ ಸೆರಗಿನಿಂದ ನನ್ನ ಬಾಯಿ ಒರೆಸಿದಳು, ತಂಬಿಗೆ ಎತ್ತಿದಳು, ಒಂದು ಕೈಯಿಂದ ನನ್ನ ಕತ್ತು ಹಿಡಿದು ನೀರು ಕುಡಿಸಿದಳು. ಐದು ವರ್ಷದಲ್ಲಿ ಆ ತಂಬಿಗೆಯ ನೀರನ್ನು ನಮ್ಮ ಮನೆಯವರು ಕುಡಿದದ್ದು ಅದೇ ಮೊದಲು.